ನೋಡುವ ಜಾಗಗಳ ಪಟ್ಟಿ ಮತ್ತು ಅವ್ವನ ಹೊಲ

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ಮಾತ್ರ ತಡ. ಮೈಸೂರಿನಲ್ಲಿ ಶಿಕ್ಷಕರ ತರಬೇತಿಗೆ ಹೋಗಿದ್ದಾಗ ಒಂದೇ ಕೋಣೆಯಲ್ಲಿ ಉಳಿದಿದ್ದ ಗೆಳತಿ ಒಂದು ಸಂಜೆ ಸಹಜವಾಗಿ ಕೇಳಿದಳು. "ನಿಮ್ಮ ಕಡೆ ನೋಡೋದಕ್ಕೆ ಏನಿದೆ ಹೇಳಿ? ಆ ದೊಡ್ಡ ಗುಮ್ಮಟ ಒಂದು ಬಿಟ್ಟರೆ ಬರೀ ಬಿಸಿಲು, ಧೂಳು ಅಲ್ವಾ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅಲ್ಲೇ ಜಗಳ ಮಾಡಿ ಮುಗಿಸುತ್ತಿದ್ದೆ. ಭೂಗೋಳ ಕಲಿಸುವ ನನಗೆ ಆ ಕ್ಷಣ ಬಾಯಿಗೆ ಒಂದು ಹೆಸರೂ ಬರಲಿಲ್ಲ, ಅದೇ ನನ್ನನ್ನು ಚುಚ್ಚಿದ್ದು. ಊರಿಗೆ ಬಂದವಳೇ ಬಾಗೇವಾಡಿಯ ಪೇಟೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಕೊಂಡೆ. ಮೇಲೆ 'ನೋಡುವ ಜಾಗಗಳ ಪಟ್ಟಿ' ಎಂದು ಬರೆದು, ಒಳಗೆ ನಾಲ್ಕು ಭಾಗ ಮಾಡಿದೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಜಾಗ, ದಾರಿ, ಹೋಗುವ ಹೊತ್ತು, ಅಲ್ಲಿ ನೋಡುವುದು ಏನು. ಇಷ್ಟು ತುಂಬಿಸದೆ ಬಿಡುವುದಿಲ್ಲ ಎಂದು ಹಟ ತೊಟ್ಟೆ.

ಒಂದು ವರ್ಷ ನನ್ನ ಭಾನುವಾರಗಳೆಲ್ಲ ಸ್ಕೂಟಿಯ ಮೇಲೆಯೇ ಕಳೆದವು. ಮುದ್ದೇಬಿಹಾಳದ ಆಚೆ ಡೋಣಿ ಹೊಳೆಯ ಸಾಲಿನಲ್ಲಿ, ಬಿಳಿಜೋಳ ತೆನೆ ಹಿಡಿದಾಗ, ದಾರಿಯ ಎರಡೂ ಬದಿ ಆಳೆತ್ತರದ ಗೋಡೆ ನಿಲ್ಲುತ್ತದೆ. ಅಲ್ಲಿ ನಡೆಯಬೇಕು, ಗಾಡಿಯಲ್ಲಿ ಹೋಗಬಾರದು ಎಂದು ಬರೆದೆ. ಮಳೆಯ ಮರುದಿನ ಎರೆ ನೆಲದಲ್ಲಿ ಕಾಲಿಡಬಾರದು, ಇಟ್ಟರೆ ಚಪ್ಪಲಿಯ ಆಸೆ ಬಿಡಬೇಕು ಎಂಬುದನ್ನು ನನ್ನದೇ ಒಂದು ಜೊತೆ ಕಳೆದುಕೊಂಡು ಬರೆದೆ. ಇಂಡಿಯ ಲಿಂಬೆತೋಟಗಳಲ್ಲಿ ಹೂವಿನ ಕಾಲಕ್ಕೆ ಬೆಳಿಗ್ಗೆ ಸುಮ್ಮನೆ ನಿಂತರೆ ಸಾಕು. ಹಲಸಂಗಿಯಲ್ಲಿ ಕಟ್ಟೆಯ ಮೇಲೆ ಒಂದು ತಾಸು ಕೂತರೆ ಯಾರಾದರೂ ಹಿರಿಯರು ಹಾಡು ತೆಗೆದೇ ತೆಗೆಯುತ್ತಾರೆ. ಸಿಂದಗಿಯ ಕಡೆ ಭೀಮೆಯ ದಂಡೆ ಸಂಜೆಗೆ ಒಳ್ಳೆಯದು. ಆಲಮಟ್ಟಿಯ ತೋಟ ಎಲ್ಲರೂ ನೋಡುತ್ತಾರೆ. ಅಣೆಕಟ್ಟಿನ ಗೇಟು ತೆರೆದ ದಿನ ದೂರದವರೆಗೂ ಗಾಳಿಯಲ್ಲಿ ಬಂದು ಮುಖಕ್ಕೆ ಬಡಿಯುವ ಹನಿಯನ್ನು ಯಾರೂ ಬರೆದಿಲ್ಲ. ನಾನು ಬರೆದೆ.

ಒಂದು ಪುಟ ಮಾತ್ರ ಖಾಲಿ ಉಳಿಯಿತು. ಅದು ನನ್ನ ಸ್ವಂತ ಊರು ಕೊಲ್ಹಾರದ್ದು.

ನಮ್ಮ ಹಳೆಯ ಊರು ಕೃಷ್ಣೆಯ ಹಿನ್ನೀರಿನಡಿ ಹೋಗಿ ಇಪ್ಪತ್ತು ವರ್ಷ ದಾಟಿದೆ. ನಮ್ಮ ಮನೆ, ಮನೆಗೆ ಹತ್ತಿದ ಓಣಿ, ಹೊಳೆಯ ದಂಡೆಯ ಹೊಲ ಎಲ್ಲವೂ ಹೋದವು. ಅಪ್ಪ ಬೇರೆ ಹೊಲ ಕೊಳ್ಳಲಿಲ್ಲ. ಹೊಸ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟ, ಕೆಲವು ವರ್ಷಗಳ ಹಿಂದೆ ತೀರಿಕೊಂಡ. ಅವ್ವ ನನ್ನ ಜೊತೆಗಿದ್ದಾಳೆ. ಹೊಸ ಊರಿನಿಂದ ಆ ನೀರಿಗೆ ದೊಡ್ಡ ದೂರವೇನಿಲ್ಲ. ಆದರೂ ಅವ್ವ ಒಂದು ದಿನವೂ ಆ ದಂಡೆಗೆ ಹೋದವಳಲ್ಲ. ಬಸ್ಸು ಸೇತುವೆ ದಾಟುವಾಗ ಸೆರಗು ಮುಖಕ್ಕೆ ಹಾಕಿಕೊಂಡು ಕೂರುತ್ತಾಳೆ.

ಚಳಿಗಾಲದಲ್ಲಿ ಅದೇ ದಂಡೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಳಿಯುತ್ತವೆ. ನಾಲ್ಕು ತಾಲ್ಲೂಕು ಸುತ್ತಿದ ನನಗೆ ಅದಕ್ಕಿಂತ ಚಂದದ ನೋಟ ಎಲ್ಲೂ ಸಿಕ್ಕಿರಲಿಲ್ಲ. ಪಟ್ಟಿಯಲ್ಲಿ ಅದನ್ನು ಬರೆಯುತ್ತೇನೆ, ಮಂದಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವಳು ಮೊಸರಿನ ಗಡಿಗೆ ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಮುಳುಗಿದ್ದ ಊರ ನೋಡಾಕ ಮಂದೀನ ಕರೀತೀ ಏನ? ಸತ್ತ ಮನಿಗಿ ಮಂದಿ ನೋಡಾಕ ಬರ್ತಾರ, ಉಣ್ಣಾಕ ಬರೂದಿಲ್ಲ. ನೋಡಿ ಹೋಗ್ತಾರ. ನನ್ನ ಮನಿ ನೋಡಾಕ ಯಾರೂ ಬರೂದು ಬ್ಯಾಡ."

"ಊರ ಅಲ್ಲಬೇ, ಹಕ್ಕಿ ತೋರಸ್ತೇನಿ."

"ಹಕ್ಕಿ ನಿಂತದ್ದು ಎಲ್ಲಿ? ನನ್ನ ಹೊಲದ ಮ್ಯಾಲ."

ನಾನು ಬಿಡಲಿಲ್ಲ. ಹಟ ನನಗೆ ಬಂದದ್ದು ಅವಳಿಂದಲೇ. ಅವಳನ್ನು ಒಪ್ಪಿಸಿಯೇ ಆ ಪುಟ ತುಂಬಿಸಬೇಕು, ಕದ್ದು ಬರೆಯಬಾರದು ಎಂದುಕೊಂಡೆ. ಅವಳ ಮನಸ್ಸು ನೋಯಿಸಿ ಬರೆದ ಜಾಗವನ್ನು ಯಾರಿಗೆ ತಾನೆ ಹೆಮ್ಮೆಯಿಂದ ತೋರಿಸಲಿ?

ಅಷ್ಟರಲ್ಲಿ ಮೈಸೂರಿನ ಗೆಳತಿಯ ಫೋನು ಬಂತು. ಗಂಡನಿಗೆ ಹಕ್ಕಿ ನೋಡುವ ಹುಚ್ಚು, ಇಬ್ಬರೂ ಬರುತ್ತೇವೆ, ಯಾವ ದಿನ ಅನುಕೂಲ ಎಂದಳು. ಗೋಡೆಯ ಕ್ಯಾಲೆಂಡರ್ ನೋಡಿದೆ. ವಾರದ ನಡುವೆ ನಮ್ಮ ಶಾಲೆಗೆ ಸ್ಥಳೀಯ ರಜೆ ಇದ್ದ ಒಂದು ದಿನ ಕಂಡಿತು. ಅದರ ಹಿಂದಿನ ಸಂಜೆಯೇ ಬನ್ನಿ ಎಂದೆ.

ಅವರು ಬಂದ ಸಂಜೆ ಅವ್ವನ ಮುಂದೆ ನಿಂತು ನೇರವಾಗಿ ಹೇಳಿದೆ. "ನಾಳೆ ಇವರನ್ನ ದಂಡಿಗಿ ಕರಕೊಂಡ ಹೋಗ್ತೇನಿ. ನಿನಗ ಹೇಳದ ಹೋಗೂದಿಲ್ಲ ಅಂತ ಹೇಳಾಕತ್ತೇನಿ."

ಅವ್ವ ಬೈಯುತ್ತಾಳೆ ಎಂದು ಕಾದೆ. ಅವಳು ನನ್ನನ್ನೇ ನೋಡಿದಳು. "ನಾಳೆ ಯಾವ ದಿನ ಗೊತ್ತೈತೇನ?"

"ರಜಾ ಐತಿ."

ಅವ್ವ ಒಳಗೆ ಹೋದಳು. ಎಳ್ಳಿನ ಡಬ್ಬಿ ತೆಗೆದ ಸದ್ದು ಕೇಳಿಸಿತು. ನಾನು ಅದಕ್ಕೆ ಕಿವಿಗೊಡಲಿಲ್ಲ.

ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಆಗಲೇ ಶುರುವಾಗಿತ್ತು. ಹಕ್ಕಿಗಳು ಕಾಯುವುದಿಲ್ಲ, ತಿರುಗಿ ಬಂದ ಮೇಲೆ ನಾಷ್ಟಾ ಮಾಡುತ್ತೇವೆ ಎಂದು ಬಾಗಿಲಿನಿಂದಲೇ ಕೂಗಿ ಅತಿಥಿಗಳನ್ನು ಹೊರಡಿಸಿದೆ. ಆದರೆ ನಮ್ಮ ಓಣಿಯಲ್ಲಿ ಹೊಸಬರಿಗೆ ಸುಮ್ಮನೆ ದಾಟಲು ಆಗುವುದಿಲ್ಲ. "ಎಲ್ಲಿಂದ ಬಂದಾರ್ರಿ? ಚಾ ಕುಡದ ಹೋಗ್ರಿ" ಎಂದು ಮೂರು ಮನೆಯವರು ಹಿಡಿದು ಕೂರಿಸಿದರು. ಮೂರು ಚಹಾ ಮುಗಿಸಿ ದಂಡೆ ಮುಟ್ಟುವಷ್ಟರಲ್ಲಿ ಬಿಸಿಲು ಮೇಲೇರಿತ್ತು.

ಆದರೂ ಹೆಬ್ಬಾತುಗಳು ಇದ್ದವು. ನೀರಿನಂಚಿನ ಕಡಲೆ ಹೊಲದಲ್ಲಿ ನೂರಾರು, ಬಿಳಿ ತಲೆಗೆ ಎರಡು ಕಪ್ಪು ಪಟ್ಟೆ. ಗೆಳತಿಯ ಗಂಡ ದುರ್ಬೀನು ಕಣ್ಣಿಗೆ ಏರಿಸಿದರು. ಅದೇ ಹೊತ್ತಿಗೆ ಹಿಂದಿನ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಬಂತು. ಟ್ರಾಲಿ ತುಂಬ ಹೊಸ ಸೀರೆ, ಬುತ್ತಿಯ ಬುಟ್ಟಿಗಳು. ಅದರ ಹಿಂದೆ ಮತ್ತೊಂದು. ಆಮೇಲೆ ಎತ್ತಿನ ಗಾಡಿ, ಬೈಕುಗಳು. ಎಲ್ಲ ಹೊಲದ ಬದುವಿನಲ್ಲೂ ಮಂದಿ ಇಳಿದರು, ಒಬ್ಬರನ್ನೊಬ್ಬರು ಕೂಗಿ ಕರೆದರು. ಹೆಬ್ಬಾತುಗಳು ಒಮ್ಮೆಲೇ ಎದ್ದು ಆಚೆ ದಂಡೆಗೆ ಹಾರಿಹೋದವು.

ಆಗ ನೆನಪಾಯಿತು. ಅಂದು ಎಳ್ಳಮವಾಸ್ಯೆ. ನಮ್ಮ ಸೀಮೆಯ ಊರುಗಳೆಲ್ಲ ಹೊಲದಲ್ಲಿ ಉಣ್ಣುವ ದಿನ. ಮಾಡಿದ್ದೆಲ್ಲದರಲ್ಲಿ ಒಂದಿಷ್ಟು ಕಲಸಿ ಬೆಳೆಗೆ ಚರಗ ಚೆಲ್ಲಿ, ಭೂಮಿಗೆ ಉಣಿಸಿ, ಆಮೇಲೆ ತಾವು ಉಣ್ಣುವ ದಿನ. ಈ ನೆಲದಲ್ಲಿ ಹುಟ್ಟಿದವರು ಮರೆಯಲಾಗದ ದಿನವನ್ನು ನಾನು ಮರೆತಿದ್ದೆ. ಕ್ಯಾಲೆಂಡರಿನಲ್ಲಿ ನನ್ನ ಕಣ್ಣಿಗೆ ಬರೀ ರಜೆ ಬಿದ್ದಿತ್ತು. ಹೊಲ ಹೋದಂದಿನಿಂದ ನಮ್ಮ ಮನೆಯಲ್ಲಿ ಚರಗ ನಿಂತಿತ್ತಲ್ಲ! ನೀರು ನಮ್ಮ ಹೊಲವನ್ನಷ್ಟೇ ಒಯ್ದಿರಲಿಲ್ಲ, ನನ್ನ ತಲೆಯೊಳಗಿನ ಈ ದಿನವನ್ನೂ ಒಯ್ದಿತ್ತು. ಅತಿಥಿಗಳತ್ತ ತಿರುಗಿ ತಪ್ಪಾಯಿತು ಎಂದೆ.

"ಪರವಾಗಿಲ್ಲ ಬಿಡಿ ಮೇಡಂ, ಒಂದು ನಿಮಿಷ ಆದರೂ ಕಾಣಿಸಿದವಲ್ಲ" ಎಂದಳು ಗೆಳತಿ. ಆ ಸಮಾಧಾನ ಮೈಸೂರಿನ ಪ್ರಶ್ನೆಗಿಂತ ಹೆಚ್ಚು ನೋಯಿಸಿತು.

ಸುತ್ತಲ ಹೊಲದವರು ನಮ್ಮನ್ನು ಕರೆಯತೊಡಗಿದರು. "ಬರ್ರಿ, ಉಂಡ ಹೋಗ್ರಿ." ಗೆಳತಿ ನನ್ನ ಮುಖ ನೋಡಿದಳು. ನಮ್ಮದೇ ದಂಡೆಯಲ್ಲಿ, ನನ್ನ ಅತಿಥಿಗಳನ್ನು ಇನ್ನೊಬ್ಬರ ಹೊಲದಲ್ಲಿ ಹೇಗೆ ಉಣ್ಣಿಸಲಿ ಎಂದು ನಿಂತಿದ್ದೆ.

ಆಗ ಒಂದು ಟಂಟಂ ಆಟೋ ಬಂದು ನಿಂತಿತು. ಅದರೊಳಗಿಂದ ಮೊದಲು ಬುಟ್ಟಿ ಇಳಿಯಿತು, ಆಮೇಲೆ ಮೊಸರಿನ ಗಡಿಗೆ, ಆಮೇಲೆ ಅವ್ವ.

ಅವಳು ನೀರಿನ ಕಡೆ ನೋಡಲಿಲ್ಲ. ಮೊದಲು ಅತಿಥಿಗಳ ಹತ್ತಿರ ಬಂದಳು. "ಖಾಲಿ ಹೊಟ್ಟೀಲೆ ಕರಕೊಂಡ ಬಂದಾಳ್ರಿ ನಿಮ್ಮನ್ನ. ಇಂಥ ದಿನ ಬಂದವರು ಉಪಾಸ ಹೋದ್ರ ನಮಗ ಚಲೋ ಅಲ್ಲ. ಬರ್ರಿ, ನಮ್ಮ ಹೊಲಕ್ಕ ಬರ್ರಿ."

"ನಿಮ್ಮ ಹೊಲ ಎಲ್ಲಿದೆ ಅಮ್ಮ?" ಗೆಳತಿ ಕೇಳಿದಳು.

ಅವ್ವ ಆಗ ತಲೆ ಎತ್ತಿದಳು. ನೀರಿನ ಕಡೆ ನೋಡಿದಳು. ದಂಡೆಯ ಮೇಲೆ ಒಂಟಿ ಬನ್ನಿಗಿಡ ಇತ್ತು, ಅದರ ಬುಡಕ್ಕೆ ನೀರು ತಾಗುತ್ತಿತ್ತು. ಅವಳು ಅಲ್ಲಿಗೆ ನಡೆದು ಗಿಡದ ತೊಗಟೆಗೆ ಕೈ ಇಟ್ಟಳು.

"ಇದು ನಮ್ಮ ಮ್ಯಾಲಿನ ಬದುವಿನ ಗಿಡ. ಇಲ್ಲಿಂದ ಅಲ್ಲಿತನ ನಮ್ಮದು" ಎಂದು ನೀರಿನ ಮೇಲೆ ಕೈ ಬೀಸಿದಳು. "ಆ ಮೂಲ್ಯಾಗ ಜ್ವಾಳ ಭಾಳ ಬರ್ತಿತ್ತು."

ಅವ್ವ ಪೂಜೆಗೆಂದು ಐದು ಕಲ್ಲು ಆರಿಸಿ ಬನ್ನಿಯ ಬುಡದಲ್ಲಿ ಸಾಲಾಗಿ ಇಟ್ಟು ಸುಣ್ಣ ಹಚ್ಚಿದಳು, ಕುಂಕುಮ ಇಟ್ಟಳು. ಎಲ್ಲವನ್ನೂ ಮನೆಯಿಂದಲೇ ತಂದಿದ್ದಳು. ಹಿಂದಿನ ಸಂಜೆ ಎಳ್ಳಿನ ಡಬ್ಬಿ ತೆಗೆದಾಗಲೇ ನಿರ್ಧಾರ ಮಾಡಿದ್ದಳು. ಸಜ್ಜೆಯ ಕಡುಬು, ಎಳ್ಳ ಹೋಳಿಗೆ, ಪುಂಡಿಪಲ್ಯ, ಅನ್ನ, ಮೊಸರು ಕಲಸಿ ಚರಗ ಮಾಡಿದಳು. ಚರಗ ಚೆಲ್ಲುವವರ ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಹೋಗಬೇಕು. ನನ್ನ ಕೈಗೆ ತಂಬಿಗೆ ಕೊಟ್ಟಳು. "ನಡಿ" ಎಂದಳು.

ಅವ್ವ ಮೊಣಕಾಲಿನತನಕ ನೀರಿಗೆ ಇಳಿದಳು. ಹೊಲದಲ್ಲಿ ಚೆಲ್ಲಿದ ಹಾಗೆಯೇ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಬೀಸಿ ಚೆಲ್ಲಿದಳು, ಚರಗದ ಕೂಗು ಕೂಗಿದಳು. ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಸುತ್ತಲ ಹೊಲಗಳಿಂದ ಮಂದಿ ಅವಳ ಕೂಗಿಗೆ ಕೂಗು ಸೇರಿಸಿದರು. ನಾನು ಹಿಂದೆ ಹಿಂದೆ ನೀರಿಗೆ ನೀರು ಚಿಮುಕಿಸುತ್ತ ಹೋದೆ. ಅಳು ಬಂತು, ಅತ್ತುಬಿಟ್ಟೆ. ಚೆಲ್ಲಿದ ಕಡೆಯೆಲ್ಲ ಮೀನುಗಳು ಮೇಲೆ ಬಂದು ತಿಂದವು. ಅವ್ವ ಅವುಗಳನ್ನು ನೋಡಿ, "ತಿನ್ನಾಕತ್ತಾವ" ಎಂದಳು.

ಆಮೇಲೆ ಬನ್ನಿಯ ಕೆಳಗೆ ಕಂಬಳಿ ಹಾಸಿ ಎಲ್ಲರೂ ಕೂತೆವು. ಪಕ್ಕದ ಹೊಲದವರು ತಮ್ಮ ಎಣ್ಣೆಗಾಯಿ ತಂದು ನಮ್ಮ ತಾಟಿಗೆ ಹಾಕಿದರು, ನಮ್ಮ ಕಡುಬು ಒಯ್ದರು. ಗೆಳತಿಯ ಗಂಡ ದುರ್ಬೀನನ್ನು ಚೀಲಕ್ಕೆ ಹಾಕಿ, ಹಳೆಯ ಊರಿನ ಅಗಸಿ ಬಾಗಿಲು ಎಲ್ಲಿತ್ತು, ಮನೆ ಎಲ್ಲಿತ್ತು ಎಂದು ಅವ್ವನನ್ನು ಕೇಳುತ್ತ ಹೋದರು. ಅವ್ವ ರೊಟ್ಟಿ ಹಿಡಿದ ಕೈಯಿಂದಲೇ ಓಣಿ ಓಣಿ ತೋರಿಸಿದಳು. ಅಷ್ಟು ವರ್ಷ ಅವಳ ಬಾಯಲ್ಲಿ ನಾನು ಕೇಳದ ಹೆಸರುಗಳನ್ನು ಅವರು ಒಂದೇ ಊಟದಲ್ಲಿ ಕೇಳಿಸಿಕೊಂಡರು.

ಮಧ್ಯಾಹ್ನ ಬುಟ್ಟಿ ಕಟ್ಟುವಾಗ ಅವ್ವ ನನ್ನ ಚೀಲದ ಕಡೆ ಗದ್ದ ತೋರಿಸಿದಳು. "ಆ ಪಟ್ಟಿ ತಗಿ. ಇದನ್ನ ಬರಿ."

ನೋಟ್‌ಬುಕ್ ತೆಗೆದು ಖಾಲಿ ಪುಟ ಬಿಚ್ಚಿದೆ. "ಏನಂತ ಬರೀಲಿ? ಹಿನ್ನೀರು ಅನ್ನಲೇನ, ಹಳೇ ಊರು ಅನ್ನಲೇನ?"

"ನಮ್ಮ ಹೊಲ ಅಂತ ಬರಿ."

ಜಾಗ ಎಂಬಲ್ಲಿ ನಮ್ಮ ಹೊಲ ಎಂದು ಬರೆದೆ. ದಾರಿ, ಒಂಟಿ ಬನ್ನಿಗಿಡದ ತನಕ. ಹೊತ್ತು, ಬೆಳಿಗ್ಗೆ ಬೇಗ. ಓಣಿಯಲ್ಲಿ ಚಹಾಕ್ಕೆ ಒಂದು ತಾಸು ಹೆಚ್ಚು ಇಟ್ಟುಕೊಂಡು ಹೊರಡಬೇಕು. ಉಳಿದದ್ದು 'ಅಲ್ಲಿ ನೋಡುವುದು' ಎಂಬ ಕೊನೆಯ ಸಾಲು. ಹೆಬ್ಬಾತು ಎಂದು ಬರೆಯಲು ಹೊರಟೆ. ಅವ್ವ ನನ್ನ ಪೆನ್ನಿನ ಮೇಲೆ ಕೈ ಇಟ್ಟಳು.

"ನೋಡಾಕ ಅಂತ ಬರೀಬ್ಯಾಡ. ಉಣ್ಣಾಕ ಬರ್ರಿ ಅಂತ ಬರಿ."

ನಾನು ಹಾಗೆಯೇ ಬರೆದೆ.