ಅಗ್ಗಕ್ಕೆ ಸಿಕ್ಕ ಇಪ್ಪತ್ತು ಪಾರಿವಾಳಗಳು

ಪಾರಿವಾಳ ಎದುರಾದರೆ ನಾನು ಕಣ್ಣು ತಪ್ಪಿಸುತ್ತೇನೆ. ಕುವೈತಿನಲ್ಲಿ ವ್ಯಾಪಾರ ಮಾಡಿದವನು ನಾನು, ಯಾರ ಮುಖವನ್ನಾದರೂ ನೇರ ನೋಡಿ ಮಾತಾಡಬಲ್ಲೆ. ಆದರೆ ಈ ಹಕ್ಕಿ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡಿತೆಂದರೆ ‘ಅವತ್ತು ವಫ್ರಾದ ತೋಟದಲ್ಲಿದ್ದವನು ನೀನೇ ಅಲ್ಲವೇ’ ಎಂದು ಕೇಳಿದಂತಾಗುತ್ತದೆ. ನಾನೇ. ಇಲ್ಲವೆನ್ನುವುದು ಹೇಗೆ?

ಉಡುಪಿಯ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದ ನನಗೆ ಕುವೈತಿನ ಸಲ್ವಾದಲ್ಲಿ ಪಾತ್ರೆ ಅಂಗಡಿ ಆದದ್ದು ಚೌಕಾಸಿಯ ಬಲದಿಂದ. ನಿಮಗೂ ಹೇಳಿಡುತ್ತೇನೆ, ಎಂದಾದರೂ ಉಪಯೋಗಕ್ಕೆ ಬಂದೀತು. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ. ಬೇಡದ್ದರ ಬೆಲೆ ಕೇಳಿ, ಗಾಬರಿಯಾದವರಂತೆ ಕೈ ಹಿಂದಕ್ಕೆಳೆದುಕೊಳ್ಳಿ. ಎರಡು ಸಲ ಬಾಗಿಲವರೆಗೆ ಹೋಗಿ, ಮೂರನೆಯ ಸಲ ನಿಜವಾಗಿ ಹೋಗಿ. ಇನ್ನೊಂದು ನಿಯಮವೂ ಇದೆ. ಅದನ್ನು ಕಲಿತದ್ದು ತಡವಾಗಿ, ಆ ಪಾರಿವಾಳಗಳಿಂದ.

ಆಗ ನಾನು ಅಬ್ಬಾಸಿಯಾದಲ್ಲಿ ಐದು ಜನರ ಜೊತೆ ಒಂದು ಕೋಣೆಯಲ್ಲಿದ್ದೆ. ಊರು ಬಿಟ್ಟು ಮೂರು ವರ್ಷವಾಗಿತ್ತು. ನಾನು ಹೊರಟ ಮೇಲೆ ಹುಟ್ಟಿದ ಮಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಹೆಂಡತಿ, ಮಗು ಇಬ್ಬರನ್ನೂ ಕರೆಸಿಕೊಳ್ಳಲು ರಿಗ್ಗೈಯಲ್ಲಿ ಎರಡು ಕೋಣೆಯ ಮನೆ ಗೊತ್ತು ಮಾಡಿಟ್ಟಿದ್ದೆ. ಬಾಕಿ ಇದ್ದದ್ದು ವೀಸಾ ಕಾಗದದ ಮೇಲೆ ನನ್ನ ಕಫೀಲ್‌ನ ರುಜು ಒಂದೇ. ಕಫೀಲ್ ಎಂದರೆ ಅಂಗಡಿಯ ಪರವಾನಗಿಯೂ ನನ್ನ ಇಕಾಮಾವೂ, ಅಂದರೆ ಅಲ್ಲಿ ವಾಸಿಸುವ ಅನುಮತಿಯೂ, ಯಾರ ಹೆಸರಿನಲ್ಲಿದೆಯೋ ಆ ಯಜಮಾನ. ನನ್ನವರು ಅಬು ನಾಸಿರ್ ಎಂಬ ವೃದ್ಧರು. ಎಣ್ಣೆ ಬರುವ ಮೊದಲು ಹಾಯಿ ಹಡಗಿನಲ್ಲಿ ಮಂಗಳೂರಿಗೆ ಹಂಚು ತರಲು ಹೋಗುತ್ತಿದ್ದವರು, ಆ ಕಾಲದ ಬಂದರು ಹಿಂದಿಯನ್ನು ಇನ್ನೂ ಮರೆತಿರಲಿಲ್ಲ.

ಅವರ ಮಗ ನಾಸಿರ್ ಅಂಗಡಿಗೆ ಬಂದು ಗುಟ್ಟು ಹೇಳಿದ. “ಕಾಗದ ಈಗ ತೆಗೀಬೇಡ ಭಾಯಿ. ಅಪ್ಪ ಮೂರು ಶುಕ್ರವಾರದಿಂದ ಕೋವಿ ಹಿಡ್ಕೊಂಡು ತೋಟಕ್ಕೆ ಹೋಗಿ ಬರಿಗೈಲಿ ಬರ್ತಿದಾರೆ. ಮನೆಯಲ್ಲಿ ಯಾರ ಹತ್ರವೂ ಮಾತಿಲ್ಲ. ಈ ಶುಕ್ರವಾರವೂ ಹಕ್ಕಿ ಬರದಿದ್ದರೆ ನಿನ್ನ ಕಾಗದ ಖಲಾಸ್.”

“ಹಕ್ಕಿ ಬರ್ತದೆ,” ಎಂದುಬಿಟ್ಟೆ. ಗಿರಾಕಿ ಕೇಳಿದ್ದನ್ನು ಇಲ್ಲವೆಂದು ಹೇಳಿ ನನಗೆ ಅಭ್ಯಾಸವಿಲ್ಲ.

ಪಕ್ಷಿ ಮಾರುಕಟ್ಟೆಯಲ್ಲಿ ಒಬ್ಬ ಹಲ್ಲಿಲ್ಲದ ಮುದುಕ ಗೂಡುಗಳ ನಡುವೆ ಕೂತಿದ್ದ. ನಾನು ಅವನ ಪಾರಿವಾಳಗಳನ್ನು ಬಿಟ್ಟು ಪಕ್ಕದ ಕೋಳಿಯ ಬೆಲೆ ಕೇಳಿದೆ, ಗಾಬರಿಯಾದೆ, ಎದ್ದೆ, ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದೆ. ಕೊನೆಗೆ ಇಪ್ಪತ್ತು ಪಾರಿವಾಳಕ್ಕೆ ಅವನು ಹೇಳಿದ್ದರ ಕಾಲು ಭಾಗ ಕೇಳಿದೆ. “ತಗೋ,” ಎಂದ. ಆರು ಮೊಲಗಳನ್ನೂ ಸೇರಿಸಿದ. ನಾನು ಬೀಗುತ್ತಾ ಹೊರಟೆ. ಈಗ ಆ ನಿಯಮ ಕೇಳಿ: ನೀವು ದನಿ ಎತ್ತುವ ಮೊದಲೇ ಮಾರುವವನು ಒಪ್ಪಿಕೊಂಡರೆ, ವಸ್ತುವನ್ನು ಅಲ್ಲೇ ಇಟ್ಟು ಮನೆಗೆ ಹೋಗಿ.

ಶುಕ್ರವಾರ ಬೆಳಗ್ಗೆ ವಫ್ರಾ ತಲುಪುವಾಗ ಆಕಾಶ ಅರಿಸಿನ ಬಣ್ಣಕ್ಕೆ ತಿರುಗಿತ್ತು. ಊರಿನಲ್ಲಿ ಹವಾಮಾನ ಕೆಟ್ಟಿತೆಂದರೆ ಮೇಲಿನಿಂದ ಏನೋ ಬೀಳುತ್ತದೆ. ಇಲ್ಲಿ ಕೆಳಗಿದ್ದದ್ದೇ ಮೇಲೇಳುತ್ತದೆ. ಮರಳ ಹುಡಿ ಹಲ್ಲಿನ ಸಂದಿಗೂ ಬಂದು, ಮಾತಾಡಿದರೆ ಕರಕರ ಎನ್ನುತ್ತಿತ್ತು. ಟೊಮೆಟೊ ಸಾಲುಗಳ ತುದಿಯಲ್ಲಿ ಅಬು ನಾಸಿರ್ ಮೂಗಿಗೆ ಬಟ್ಟೆ ಕಟ್ಟಿ ಕೋವಿ ಹಿಡಿದು ನಿಂತರು. ಪಕ್ಕದಲ್ಲಿ ನಾಸಿರ್, ಹಿಂದೆ ನಾನು, ನನ್ನ ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ. ತೋಟ ನೋಡಿಕೊಳ್ಳುವ ಪಠಾಣ ಗುಲ್ ಭಾಯಿ ಗೂಡುಗಳೊಂದಿಗೆ ಗಾಳಿಮರಗಳ ಹಿಂದೆ ಅಡಗಿದ್ದ. ನಾನು ಕೆಮ್ಮಿದರೆ ಹಕ್ಕಿಗಳನ್ನು ಬಿಡಬೇಕು ಎಂದು ಒಪ್ಪಂದ.

ಹುಡಿ ಹೇಗಿತ್ತೆಂದರೆ ನಾನು ನಿಜವಾಗಿಯೇ ಕೆಮ್ಮಿದೆ.

ಇಪ್ಪತ್ತೂ ಪಟಪಟನೆ ಎದ್ದವು. ಅಬು ನಾಸಿರ್ ಕೋವಿ ಎತ್ತಿದರು. ಪಾರಿವಾಳಗಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮರಗಳ ಮೇಲೆ ಎರಡು ಸುತ್ತು ಹೊಡೆದವು, ಬಾಣದ ಹಾಗೆ ಸಾಲಾದವು, ಹುಡಿಯನ್ನು ಸೀಳಿಕೊಂಡು ಪೇಟೆಯ ದಿಕ್ಕಿಗೆ ಹೋಗಿಬಿಟ್ಟವು. ಒಂದಾದರೂ ಅನುಮಾನ ಪಡಲಿಲ್ಲ. ಒಂದು ಗುಂಡೂ ಹಾರಲಿಲ್ಲ. ನಾನು ಬಾಯಿ ತೆರೆದು ನಿಂತವನು ಒಂದು ಹಿಡಿ ಮರಳು ನುಂಗಿದೆ.

ಗಾಬರಿಗೊಂಡ ಗುಲ್ ಭಾಯಿ ಮೊಲಗಳನ್ನೂ ಬಿಟ್ಟ. ಮರಳುಗಾಡಿನ ಕಂದು ಮೊಲ ಮಿಂಚಿ ಮಾಯವಾಗುತ್ತದೆ. ಇವು ಬಿಳಿ, ಕೆಂಗಣ್ಣಿನವು. ಕುದುರೆಮೆಂತೆ ಮೇವಿನ ನಡುವಿನಿಂದ ಕುಪ್ಪಳಿಸುತ್ತಾ ಬಂದು ಅಬು ನಾಸಿರರ ಕಾಲ ಬುಡದಲ್ಲಿ ಕೂತವು. ಒಂದು ಅವರ ನಿಲುವಂಗಿಯ ಅಂಚನ್ನು ಮೂಸಿತು. ಅವರು ಕೋವಿಯ ಬಾಯಿ ಕೆಳಗಿಳಿಸಿದರು. ಅದು ನೆಟ್ಟಗೆ ಮೊಲದ ತಲೆಯ ಮೇಲೆ ಬಂತು. ಆಮೇಲೆ ಅವರು ಗುಂಡುಗಳನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಗುಡುಗಿತು. ಹುಡಿಯ ಮೇಲೆ ಮಳೆ ಬಿದ್ದು, ಆಕಾಶದಿಂದ ಕೆಸರೇ ಸುರಿಯತೊಡಗಿತು. ಅಂಥದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎಲ್ಲರೂ ಗುಲ್ ಭಾಯಿಯ ಗುಡಿಸಲಿಗೆ ಓಡಿದೆವು, ಮೊಲಗಳ ಸಮೇತ.

ಒಳಗೆ ಅಬು ನಾಸಿರ್ ಕೇಳಿದರು. “ಗುಲ್, ನನ್ನನ್ನ ಮಗು ಅಂತ ತಿಳ್ಕೊಂಡ್ಯಾ? ನಾಳೆ ನಿನ್ನ ಹಾಸಿಗೆ ಕಟ್ಟು.”

ಗುಲ್ ಭಾಯಿ ನನ್ನ ಕಡೆ ನೋಡಲಿಲ್ಲ. ಅದೇ ಕಷ್ಟವಾಯಿತು. ನಾಸಿರ್ ಚಾವಣಿ ನೋಡುತ್ತಿದ್ದ. ನನ್ನೊಳಗಿನ ವ್ಯಾಪಾರಿ ಹೇಳಿದ: ಸುಮ್ಮನಿರು, ಮಳೆ ನಿಂತ ಮೇಲೆ ಮನಸ್ಸು ಕರಗುತ್ತದೆ, ಆಗ ಕಾಗದ ತೆಗೆ. ನನಗೇ ಆಘಾತವಾಗುವಂತೆ ನನ್ನ ಬಾಯಿ ಬೇರೇನೋ ಹೇಳಿತು.

“ಅವನಲ್ಲ ಅಬು ನಾಸಿರ್. ತಂದವನು ನಾನು.”

ಅವರು ನನ್ನ ಕಡೆ ತಿರುಗಿದರು.

“ಯಾರ ಹತ್ರ ತಂದೆ?”

“ಮಾರುಕಟ್ಟೆಯ ಮುದುಕ. ಹಲ್ಲಿಲ್ಲ.”

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ, ನಗುತ್ತಿದ್ದರು. “ಅವನು ಗಂಡುಗಳನ್ನು ಮಾತ್ರ ಮಾರೋದು. ಹೆಣ್ಣುಗಳನ್ನ ಗೂಡಲ್ಲೇ ಇಟ್ಕೋತಾನೆ. ಎಲ್ಲಿ ಬಿಟ್ರೂ ವಾಪಸ್ ಬರ್ತಾವೆ, ಮುಂದಿನ ವಾರ ಮತ್ತೆ ಮಾರ್ತಾನೆ. ನನಗೆ ಹದಿನೆಂಟು ವರ್ಷ ಇದ್ದಾಗ ಅವನ ಅಪ್ಪ ನನಗೂ ಮಾರಿದ್ದ. ಚೌಕಾಸಿ ಮಾಡಿದ್ಯಾ?”

“ಮಾಡಿದೆ.”

“ಅಗ್ಗಕ್ಕೆ ಕೊಟ್ನಾ?”

“ತುಂಬಾ.”

ಈಗ ಗುಲ್ ಭಾಯಿಯೂ ನಕ್ಕ. ನಗು ನಿಂತ ಮೇಲೆ ಅಬು ನಾಸಿರ್ “ಯಾಕೆ ಮಾಡಿದೆ?” ಎಂದರು. ನಾನು ಕಾಗದ ತೆಗೆದುಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ಓದಿದರು.

“ನೀನು ಬಂದು ಎಷ್ಟಾಯ್ತು?”

“ಮೂರು ವರ್ಷ.”

“ಹಕ್ಕಿಗಳು ಎರಡು ಸುತ್ತು ಹಾಕಿದವು, ಹೋದವು. ನೀನು ಮೂರು ವರ್ಷ ಇದ್ದೀಯಾ?” ಅವರ ಮುಖದಲ್ಲಿ ಕೋಪವಿರಲಿಲ್ಲ. ಅವರಿಗೂ ಆಘಾತವಾದಂತಿತ್ತು. “ನಾವು ಮಂಗಳೂರಿಗೆ ಹೋದರೆ ವರ್ಷ ತುಂಬೋದರೊಳಗೆ ಮನೆ ಸೇರ್ತಿದ್ವಿ. ಅಷ್ಟಕ್ಕೇ ನಾಸಿರನ ಅಕ್ಕ ನನ್ನ ಗುರುತು ಹಿಡೀದೆ ಅಡುಗೆಮನೆಗೆ ಓಡಿದ್ದಳು. ಕೇಳು. ಹೊಸ ಪಾರಿವಾಳಕ್ಕೆ ನಲವತ್ತು ದಿನ ನಿನ್ನ ಕೈಯಿಂದಲೇ ಕಾಳು ಹಾಕಬೇಕು. ಆಮೇಲೆ ನಿನ್ನ ಮನೆ ಅದರ ಮನೆ. ನಲವತ್ತು, ಒಂದು ಕಡಿಮೆ ಇಲ್ಲ.” ಗುಲ್ ಭಾಯಿಗೆ ಮೊಲಗಳಿಗೊಂದು ಗೂಡು ಕಟ್ಟಲು ಹೇಳಿ, ಕೆಸರು ಕೈಯಲ್ಲೇ ರುಜು ಹಾಕಿದರು.

ಎರಡು ತಿಂಗಳ ನಂತರ ವಿಮಾನ ನಿಲ್ದಾಣದಲ್ಲಿ ನಿಂತಿದ್ದೆ. ಫೋಟೋದಲ್ಲಿದ್ದ ಮಗಳು ಫ್ರಾಕು ತೊಟ್ಟು ನಡೆದು ಬಂದಳು. ನಾನು ಕೈ ಚಾಚಿದೆ. ಅವಳು ಸಾಮಾನಿನ ಗಾಡಿಗೆ ಎರಡು ಸುತ್ತು ಬಂದಳು, ನನ್ನನ್ನು ಓರೆಗಣ್ಣಿನಿಂದ ನೋಡಿದಳು, ನೇರವಾಗಿ ಹೋಗಿ ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದಳು. ಎದುರಿಗೆ ಬಾಂಬು ಸಿಡಿದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಪೆಟ್ಟಿಗೆ ಎತ್ತಿಕೊಂಡೆ.

ಮರುದಿನದಿಂದ ಶುರು ಮಾಡಿದೆ. ಅಂಗಡಿಯಿಂದ ಬಂದು ನೆಲದ ಮೇಲೆ ಕೂತು, ಅಂಗೈಯಲ್ಲಿ ದ್ರಾಕ್ಷಿ ಹಿಡಿದು, ಅತ್ತ ಮುಖ ಮಾಡಿ ಕಾಯುತ್ತಿದ್ದೆ. ಅವಳು ಬರುವಳು, ಕಿತ್ತುಕೊಳ್ಳುವಳು, ಓಡುವಳು. ಹೆಂಡತಿ “ಇದೆಂತ ವೇಷ ನಿಮ್ಮದು” ಎಂದು ನಗುತ್ತಿದ್ದಳು. ಹತ್ತೊಂಬತ್ತನೆಯ ಸಂಜೆ ದ್ರಾಕ್ಷಿ ತಿಂದವಳು ಓಡಲಿಲ್ಲ. ನನ್ನ ತೊಡೆಯ ಮೇಲೆ ಕೂತು, ಬೀಜವನ್ನು ನನ್ನ ಕೈಗೇ ಉಗಿದಳು.

ಅಬು ನಾಸಿರ್ ನಲವತ್ತು ಹೇಳಿದ್ದರು, ಹತ್ತೊಂಬತ್ತಕ್ಕೆ ಮುಗಿಯಿತು. ನನ್ನ ಜೀವಮಾನದಲ್ಲಿ ಬಾಯಿ ತೆರೆಯದೆ ಗೆದ್ದ ಚೌಕಾಸಿ ಅದೊಂದೇ.