ಮಾವನವರ ಆಂಪ್ಲಿಫೈಯರ್

ನನ್ನ ಮಾವನವರಿಗೆ ಹಳೆಯ ಆಂಪ್ಲಿಫೈಯರ್ ಎಂದರೆ ಪ್ರಾಣ. ಅಂಗಡಿಗೆ ಹೋದರೆ ಹಾಡು ಹಾಕಿಸಿ ಕೇಳುವುದಿಲ್ಲ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡುತ್ತಾರೆ. ಸೊಂಟ ಹಿಡಿದುಕೊಂಡರೆ ಮಾಲು ಒಳ್ಳೆಯದೆಂದು ಅರ್ಥ. ಈಗಿನ ಕಾಲದ್ದನ್ನು ಒಂದೇ ಬೆರಳಲ್ಲಿ ತಳ್ಳಿ, "ಇದೇನಯ್ಯಾ, ಒಳಗೆ ಏನಾದ್ರೂ ಇದೆಯೋ, ಬರೀ ಡಬ್ಬಾನೋ?" ಎನ್ನುತ್ತಾರೆ. ಮನೆಗೆ ಬಂದ ನೆಂಟರು ನೀರು ಕುಡಿಯುವ ಮೊದಲೇ ಮನೆಯಲ್ಲಿರುವ ಹಳೆಯ ಆಂಪ್ಲಿಫೈಯರಿನ ದಪ್ಪ ತಗಡನ್ನು ಬಡಿದು ನೋಡಿ 'ಆಹಾ' ಅನ್ನಬೇಕು. ಮೊದಲ ಸಲ ಹೋದಾಗ ನಾನೂ ಅಂದಿದ್ದೆ. ಮಗಳನ್ನು ಕೊಟ್ಟದ್ದು ಅದಕ್ಕೇ ಎಂದು ನನ್ನ ಹೆಂಡತಿಯ ಅನುಮಾನ. ಒಮ್ಮೆ ಅದರ ಭಾರಕ್ಕೆ ಮೇಜು ಮುರಿದು ಬಿದ್ದಾಗ ಮಾವನವರು ಮೇಜಿಗೇ ಬೈದರು. ಆಂಪ್ಲಿಫೈಯರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇತ್ತೀಚೆಗೆ ಅತ್ತೆಯವರ ಕಿವಿ ಮಂದವಾಗಿದೆ. ಹೊಸ ಸೆಟ್ಟುಗಳಲ್ಲಿ ದನಿ ಏರಿಸಿದರೆ ಹಾಡು ಒಡೆದು ಕಿರುಚುತ್ತದೆ. ಇದರಲ್ಲಿ ಎಷ್ಟು ಏರಿಸಿದರೂ ಹಾಡು ಹಾಡಾಗಿಯೇ ಇರುತ್ತದೆ. ಸಂಜೆ ಮಾವನವರು ಕಿಟಕಿಗಳನ್ನೆಲ್ಲ ಮುಚ್ಚಿ, ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಅತ್ತೆಯವರ ಪಕ್ಕದಲ್ಲಿ ಕೂರುತ್ತಾರೆ. ಅವರು ಕಣ್ಣರಳಿಸಿ, "ಎಷ್ಟು ಚೆನ್ನಾಗಿದೆ, ಅಲ್ವೇನ್ರೀ?" ಎಂದು ಕೇಳಿದರೆ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತ ಮಾವನವರು, ಕೇಳಿದ್ದೇನೆಂದು ತಿಳಿಯದಿದ್ದರೂ, ತುಂಬು ತೃಪ್ತಿಯಿಂದ ತಲೆದೂಗುತ್ತಾರೆ.