ತಂಗಿಯ ಕ್ಯಾಲಿಪರಿಗೆ ಅಪ್ಪ ಕೊಟ್ಟ ಹದ

ಗುಬ್ಬಿಯಲ್ಲಿ ನಮ್ಮಪ್ಪನ ಕುಲುಮೆಯ ಕುಡುಗೋಲು ಎಂದರೆ ರೈತರು ಚೌಕಾಸಿ ಮಾಡದೆ ಕೊಳ್ಳುತ್ತಿದ್ದರು. ಕೆಂಪಗೆ ಕಾಯಿಸಿ, ಬಡಿದು, ಚುಯ್ ಎಂದು ನೀರಿಗೆ ಅದ್ದಿದರೆ ಹದ ಕೂತಿತು ಎಂದೇ ಲೆಕ್ಕ. ಆ ಹೆಮ್ಮೆಯೇ ನಮಗೆ ಮುಳುವಾಯಿತು.

ಚಿಕ್ಕಂದಿನಲ್ಲಿ ಪೋಲಿಯೊ ಆಗಿ ತಂಗಿಯ ಬಲಗಾಲು ಸೋತಿತ್ತು. ಎರಡೂ ಪಕ್ಕ ಸ್ಟೀಲ್ ಪಟ್ಟಿಯಿರುವ ಕ್ಯಾಲಿಪರ್ ಕಟ್ಟಿಕೊಂಡೇ ಓಡಾಡುತ್ತಿದ್ದಳು. ತುಮಕೂರಿನ ಬಟವಾಡಿಯ ಕ್ಲಿನಿಕ್ಕಿನಲ್ಲಿ ಅವಳಿಗೆ ಮೊದಲ ಕೆಲಸ ಸಿಕ್ಕಾಗ ಕುಣಿಗಲ್ಲಿನಲ್ಲಿ ಹೊಸದೊಂದು ಮಾಡಿಸಿದೆವು. ಅದು ಮಂಡಿಯ ಹತ್ತಿರ ಉಜ್ಜಿ ಗಾಯವಾಯಿತು. ಅಲ್ಲಿಗೇ ಹೋಗಿ ಸರಿ ಮಾಡಿಸೋಣ ಎಂದೆ. ಅಪ್ಪನಿಗೆ ರೇಗಿತು.

"ಕಮ್ಮಾರನ ಮನೇಲಿ ಹುಟ್ಟಿ, ಒಂದು ಪಟ್ಟಿ ಬಗ್ಗಿಸಕ್ಕೆ ಕುಣಿಗಲ್‌ಗೆ ಹೋಗ್ತೀಯೇನ್ಲಾ?"

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬುದು ಊರಿಗೆಲ್ಲ ಗಾದೆ, ನಮಗೆ ಅದೇ ಅನ್ನ. ಅಪ್ಪ ಪಟ್ಟಿಗಳನ್ನು ಬಿಚ್ಚಿ, ಇದ್ದಿಲಲ್ಲಿ ಕೆಂಪಗೆ ಕಾಯಿಸಿ, ನಾಜೂಕಾಗಿ ಬಗ್ಗಿಸಿ, ಗಟ್ಟಿಯಾಗಲಿ ಎಂದು ನೀರಿಗೆ ಅದ್ದಿದ. ಈಗ ಎಲ್ಲೂ ಉಜ್ಜಲ್ಲ ಎಂದು ತಂಗಿ ನಕ್ಕಳು. ಆಗ ಅಪ್ಪನ ಮುಖ ನೋಡಬೇಕಿತ್ತು.

ಆ ವಾರವೇ ಬಟವಾಡಿಯಲ್ಲಿ ಬಸ್ಸಿಳಿಯುವಾಗ ಪಟ್ಟಿ ಬಗ್ಗಿ ಅವಳು ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಪಟ್ಟಿ ಮಾತ್ರ ಬೆಂದ ನುಗ್ಗೆಕಾಯಿಯಂತೆ ಬಾಗಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ನನ್ ಕೈನಾಗಿನ ಹದ ಹೋಯ್ತು ಕಣೋ."

ಹೋಗ್ಲಿ ಬುಡಪ್ಪ ಎಂದು ತಂಗಿ ಎಷ್ಟು ಹೇಳಿದರೂ ಅವನು ಮತ್ತೆ ಕುಲುಮೆಯ ತಿದಿ ಒತ್ತಲಿಲ್ಲ. ಕುಡುಗೋಲು ತಂದವರನ್ನು ಆಗಲ್ಲ ಎಂದು ವಾಪಸು ಕಳಿಸುತ್ತಿದ್ದ. ಹಾಗೇ ಕೊರಗಿ ತೀರಿಕೊಂಡ.

ಕಳೆದ ತಿಂಗಳು ಕ್ಯಾಲಿಪರಿಗೆ ಬೆಲ್ಟು ಹಾಕಿಸಲು ತಂಗಿಯ ಜೊತೆ ಕುಣಿಗಲ್ಲಿಗೆ ಹೋದಾಗ ಈ ಮಾತು ಬಂತು. ಕ್ಯಾಲಿಪರ್ ಮಾಡುವಾತ ಕೇಳಿಸಿಕೊಂಡು ಲೊಚಗುಟ್ಟಿದ. ಈ ಸ್ಟೀಲು ನಿಮ್ಮ ಕುಡುಗೋಲಿನ ಕಬ್ಬಿಣದಂತಲ್ಲ, ತಣ್ಣಗಿರುವಾಗಲೇ ಒತ್ತಿ ಪಟ್ಟಿ ಮಾಡಿರುವುದರಿಂದ ಗಟ್ಟಿತನ ಬಂದಿರುತ್ತದೆ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಆ ಗಟ್ಟಿತನವೆಲ್ಲ ಇಳಿದು ಮೆತ್ತಗಾಗುತ್ತದೆ ಎಂದ. ಅಪ್ಪನ ಕೈ ಕೆಟ್ಟಿರಲಿಲ್ಲ. ಗುಬ್ಬಿಯ ಯಾವ ಕಮ್ಮಾರ ಮಾಡಿದ್ದರೂ ಹಾಗೇ ಆಗುತ್ತಿತ್ತು.

ಹಾಗೆ ಮೆತ್ತಗಾದದ್ದನ್ನು ಮತ್ತೆ ಗಟ್ಟಿ ಮಾಡಲು ಬರುತ್ತದಾ ಎಂದು ತಂಗಿ ಕೇಳಿದಳು.

"ಬೆಂಕಿ ಬೇಡ ಕಣಮ್ಮ. ತಣ್ಣಗಿರೋವಾಗ್ಲೇ ಸುತ್ತಿಗೇಲಿ ಬಡೀತಾ ಹೋದ್ರೆ ಗಟ್ಟಿ ಆಗುತ್ತೆ."

ಅಪ್ಪನ ಸುತ್ತಿಗೆ ಈಗ ನಾವಿರುವ ತುಮಕೂರಿನ ಮರಳೂರಿನ ಮನೆಯಲ್ಲಿದೆ. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಅಡ್ಡ ಇಟ್ಟಿದ್ದೇವೆ. ವಾಪಸು ಬರುವಾಗ ತಂಗಿ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಅತ್ತಳು.

"ಅಪ್ಪನ ಕೈಲೇ ಇತ್ತಲ್ಲಣ್ಣ."